ವೇದದೊಳಗಣ ಗಾದೆ: ಕನ್ನಡ ಕ್ರೈಸ್ತರ ಬದುಕಿನಲ್ಲಿ ಜ್ಞಾನೋಕ್ತಿಗಳು

'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂಬುದು ಗಾದೆಯನ್ನು ಕುರಿತು ಕನ್ನಡ ಜನಪದರು ಕಟ್ಟಿದ ಗಾದೆ. ಇಲ್ಲಿ ವೇದವೆಂದರೆ ಮೇಲಿನಿಂದ ಬಂದ ಪ್ರಮಾಣ. ಗಾದೆಯೆಂದರೆ ಬದುಕಿನಿಂದ ಬಂದ ಪ್ರಮಾಣ. ಕನ್ನಡ ಕ್ರೈಸ್ತರ ವಿಷಯದಲ್ಲಿ ಈ ವಿಂಗಡಣೆ ಒಂದು ಸ್ವಾರಸ್ಯಕರವಾದ ತೊಡಕನ್ನು ಪಡೆಯುತ್ತದೆ. ಕನ್ನಡದಲ್ಲಿ ಬೈಬಲಿಗೆ 'ಸತ್ಯವೇದ' ಎಂಬ ಹೆಸರು ಬಹುಕಾಲದಿಂದ ರೂಢಿಯಲ್ಲಿದೆ. ಆ ಸತ್ಯವೇದದ ಹಳೆಯ ಒಡಂಬಡಿಕೆಯಲ್ಲಿ ಬಹುಮಟ್ಟಿಗೆ ಗಾದೆಗಳಿಂದಲೇ ತುಂಬಿದ ಒಂದು ಗ್ರಂಥವಿದೆ. ಅದೇ 'ಜ್ಞಾನೋಕ್ತಿಗಳು'. ವೇದದ ಒಳಗೇ ಗಾದೆ ಬಂದು ಕುಳಿತಾಗ ವಿಶ್ವಾಸಿಗಳು ಅದನ್ನು ವೇದವೆಂದು ಪಾಲಿಸಬೇಕೋ, ಗಾದೆಯೆಂದು ಬಳಸಬೇಕೋ ಎಂಬ ಪ್ರಶ್ನೆ ಏಳುತ್ತದೆ. ಸಾಲ, ಜಾಮೀನು, ದುಡಿಮೆ, ಮಕ್ಕಳ ಪಾಲನೆ, ನೆರೆಹೊರೆಯ ಬಾಳುವೆ ಮೊದಲಾದ ದಿನನಿತ್ಯದ ವಿಷಯಗಳಲ್ಲಿ ಈ ಪ್ರಶ್ನೆಗೆ ಕೊಡುವ ಉತ್ತರ ಮನೆಯ ಸುಖದುಃಖವನ್ನೇ ನಿರ್ಧರಿಸಬಲ್ಲುದಾದ್ದರಿಂದ ಇದನ್ನು ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸುವುದು ಅಗತ್ಯ.

ಹಿನ್ನೆಲೆ

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ತೊಡಗಿದನು. ಇಡೀ ಬೈಬಲ್ 1831ರ ಹೊತ್ತಿಗೆ ಕನ್ನಡದಲ್ಲಿ ಮುದ್ರಣಗೊಂಡಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಪರಿಷ್ಕರಣೆಯ ಕೆಲಸದಲ್ಲಿ ಪಾಲ್ಗೊಂಡರು. ಇದೇ ಪರಂಪರೆಯ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಹೊರತಂದ ನಿಘಂಟಿನಲ್ಲಿ ಪದಗಳ ಅರ್ಥಕ್ಕೆ ಆಧಾರವಾಗಿ ಕಾವ್ಯಗಳ ಜೊತೆಗೆ ಜನರ ಬಾಯಿಯ ಗಾದೆಗಳನ್ನೂ ಹೇರಳವಾಗಿ ಬಳಸಿದನು. ಕನ್ನಡದ ಗಾದೆಯೂ ಬೈಬಲಿನ ಗಾದೆಯೂ ಒಂದೇ ವಿದ್ವತ್ ವಲಯದ ಮೇಜಿನ ಮೇಲೆ ಎದುರುಬದುರಾದ ಕಾಲವದು.

ಬೆಂಗಳೂರಿನಲ್ಲಿ ಕನ್ನಡ ಕ್ರೈಸ್ತ ಸಭೆಗಳ ಹಳೆಯ ನೆಲೆ ಪೇಟೆ ಪ್ರದೇಶ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವು ಶಾಸನತಜ್ಞ ಬಿ.ಎಲ್. ರೈಸ್ ಅವರ ತಂದೆ, ಮಿಷನರಿ ಬೆಂಜಮಿನ್ ರೈಸ್ ಅವರ ಹೆಸರನ್ನು ಹೊತ್ತಿದೆ. 1904ರ ಹಡ್ಸನ್ ಸ್ಮಾರಕ ದೇವಾಲಯವೂ ಕನ್ನಡ ಆರಾಧನೆಯ ಕೇಂದ್ರ. ಪೇಟೆಯಿಂದ ವಾಯವ್ಯಕ್ಕೆ, ಮಲ್ಲೇಶ್ವರದ ಪಕ್ಕದಲ್ಲಿ, ರೈಲುಹಳಿಯ ಆಚೆಗಿರುವ ಶ್ರೀರಾಂಪುರ ಇದಕ್ಕಿಂತ ಭಿನ್ನವಾದ ಚರಿತ್ರೆಯುಳ್ಳದ್ದು. 1898ರ ಪ್ಲೇಗಿನ ಅನಂತರ ಯೋಜಿತ ಬಡಾವಣೆಯಾಗಿ ಬೆಳೆದ ಮಲ್ಲೇಶ್ವರಕ್ಕೆ ಹೋಲಿಸಿದರೆ ಇದು ಕಿರಿದಾದ ಓಣಿಗಳ, ಒತ್ತಾದ ಮನೆಗಳ, ದುಡಿಯುವವರ ಬಡಾವಣೆ. ನಗರದ ಈ ಪಾರ್ಶ್ವದ ಬಾಳು ನೂಲಿನ ಗಿರಣಿಗಳ ಸೈರನ್ನಿಗೆ ಹೊಂದಿಕೊಂಡು ನಡೆದದ್ದು. 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ದೇಶದ ಸಂವಿಧಾನ ಚರಿತ್ರೆಯಲ್ಲಿ ಹೆಸರಾದ ಮಿನರ್ವ ಮಿಲ್ ಬೆಂಗಳೂರಿನದೇ. ಮಲ್ಲೇಶ್ವರದ ಹಳೆಯ ಗಿರಣಿಯ ನೆಲದಲ್ಲಿ 2010ರಲ್ಲಿ ಮಾಲ್ ತೆರೆಯಿತು. 2014ರಲ್ಲಿ ಶ್ರೀರಾಂಪುರಕ್ಕೆ ಮೆಟ್ರೊ ಬಂದಿತು. ಗಿರಣಿಗಳು ಹೋದರೂ ಕೂಲಿ, ಚಿಲ್ಲರೆ ವ್ಯಾಪಾರ, ಸಣ್ಣ ಸಾಲ, ಚೀಟಿ ವ್ಯವಹಾರಗಳ ಬದುಕು ಇಂಥ ಬಡಾವಣೆಗಳಿಂದ ಹೋಗಲಿಲ್ಲ.

ಹೆಸರಿನಲ್ಲಿರುವ ಅರ್ಥ

ಶ್ರೀರಾಂಪುರ ಕನ್ನಡ, ತಮಿಳು, ತೆಲುಗುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಪ್ರದೇಶ. ಈ ಮೂರು ಭಾಷೆಗಳ ವಿಶ್ವಾಸಿಗಳೂ ಓದುವುದು ಒಂದೇ ಗ್ರಂಥವನ್ನು. ಆದರೆ ಅದರ ಹೆಸರುಗಳು ಬೇರೆ. ತಮಿಳಿನಲ್ಲಿ ಅದು 'ನೀದಿಮೊಳಿಗಳ್', ಎಂದರೆ ನೀತಿಯ ನುಡಿಗಳು. ತೆಲುಗಿನಲ್ಲಿ 'ಸಾಮೆತಲು', ತೆಲುಗು ಜನಪದರು ಗಾದೆಗೆ ಬಳಸುವ ಸಾಮಾನ್ಯ ಪದವೇ ಇದು. ಕನ್ನಡದಲ್ಲಿ 'ಜ್ಞಾನೋಕ್ತಿಗಳು'. ಮೂಲ ಹೀಬ್ರೂ ಭಾಷೆಯ ಪದ 'ಮಾಶಾಲ್'. ಗಾದೆ, ಹೋಲಿಕೆ, ಸಾಮತಿ, ಒಗಟಿನಂಥ ಮಾತು ಎಲ್ಲವನ್ನೂ ಒಳಗೊಳ್ಳುವ ವಿಶಾಲವಾದ ಪದವಿದು. ಗ್ರಂಥದ ಪೀಠಿಕೆಯಲ್ಲೇ ಗಾದೆಯ ಜೊತೆಗೆ ಒಗಟಿನ ಉಲ್ಲೇಖವೂ ಇರುವುದು ಜಾನಪದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ.

ಹೆಸರಿನ ಈ ವ್ಯತ್ಯಾಸ ಕೇವಲ ಶಬ್ದದ ಮಟ್ಟದ್ದಲ್ಲ. 'ಗಾದೆ', 'ನಾಣ್ಣುಡಿ' ಎಂಬ ಪದಗಳು ಹೇಳುವವನನ್ನೂ ಕೇಳುವವನನ್ನೂ ಎದುರಿಗೆ ಕೂಡಿಸುತ್ತವೆ. 'ಉಕ್ತಿ' ಎಂಬ ಸಂಸ್ಕೃತ ಪದ ಗ್ರಂಥದ ಕಡೆಗೆ, ಪ್ರಮಾಣದ ಕಡೆಗೆ ವಾಲುತ್ತದೆ. ಕನ್ನಡ ವಿಶ್ವಾಸಿಗೆ ಈ ಮಾತುಗಳು ಅಜ್ಜಿಯ ಬಾಯಿಂದಲ್ಲ, ವೇದಪೀಠದಿಂದ ತಲುಪುತ್ತವೆ. ಸಂಡೇ ಸ್ಕೂಲಿನ ಕಂಠಪಾಠ, ಮನೆಯ ಬಾಗಿಲ ಮೇಲಿನ ವಾಕ್ಯಫಲಕ, ಹೊಸ ವರ್ಷದ ಕ್ಯಾಲೆಂಡರು, ಮದುವೆಯ ಕರೆಯೋಲೆ ಇವೆಲ್ಲ ಅವುಗಳ ವಾಹಕಗಳು. ಗ್ರಂಥದಲ್ಲಿ 31 ಅಧ್ಯಾಯಗಳಿರುವುದರಿಂದ ತಿಂಗಳ ದಿನಕ್ಕೊಂದರಂತೆ ಓದುವ ಪದ್ಧತಿ ಅನೇಕ ಕಡೆಗಳ ಕ್ರೈಸ್ತರಲ್ಲಿ ಪ್ರಚಲಿತವಾಗಿದೆ. ಕಥೋಲಿಕರ ಬೈಬಲಿನಲ್ಲಿ ಇದೇ ಜಾತಿಯ ಸಿರಾಖನ ಗ್ರಂಥವೂ ಸೇರಿರುವುದರಿಂದ ಅವರಲ್ಲಿ ಈ ವಾಙ್ಮಯದ ವ್ಯಾಪ್ತಿ ಇನ್ನೂ ದೊಡ್ಡದು.

ಸಂಗ್ರಹದ ಸ್ವರೂಪ

ಜ್ಞಾನೋಕ್ತಿಗಳ ಗ್ರಂಥ ಒಬ್ಬನೇ ಕುಳಿತು ಬರೆದದ್ದಲ್ಲ. ಅದು ಸಂಗ್ರಹಗಳ ಸಂಗ್ರಹ. ಮೊದಲ ಒಂಬತ್ತು ಅಧ್ಯಾಯಗಳು ತಂದೆ ಮಗನಿಗೆ ಹೇಳುವ ದೀರ್ಘ ಉಪದೇಶಗಳು. 10ನೆಯ ಅಧ್ಯಾಯದಿಂದ 22ನೆಯದರ ನಡುವಿನವರೆಗೆ ಸೊಲೊಮೋನನ ಹೆಸರಿನಲ್ಲಿ ಬರುವ ಬಿಡಿ ಗಾದೆಗಳಿವೆ. ಅನಂತರ ಜ್ಞಾನಿಗಳ ಮಾತುಗಳು, ಹಿಜ್ಕೀಯ ಅರಸನ ಲಿಪಿಕಾರರು ಪ್ರತಿಮಾಡಿದ ಸಂಗ್ರಹ, ಆಗೂರನ ನುಡಿಗಳು, ಲೆಮೂವೇಲನೆಂಬ ಅರಸನಿಗೆ ಅವನ ತಾಯಿ ಕಲಿಸಿದ ಪಾಠ ಇವು ಬರುತ್ತವೆ. ಕೊನೆಯಲ್ಲಿ ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಅನುಕ್ರಮದಲ್ಲಿ ಹೆಣೆದ ಗುಣವತಿಯಾದ ಗೃಹಿಣಿಯ ಚಿತ್ರವಿದೆ. 22ನೆಯ ಅಧ್ಯಾಯದ ಉತ್ತರಾರ್ಧದಿಂದ ಮುಂದಿನ ಭಾಗವು ಈಜಿಪ್ಟಿನ ಅಮೆನೆಮೋಪೆಯ ಉಪದೇಶಗ್ರಂಥದೊಡನೆ ನಿಕಟ ಸಾಮ್ಯ ಹೊಂದಿದೆಯೆಂಬುದನ್ನು 1924ರಲ್ಲಿ ಅಡಾಲ್ಫ್ ಎರ್ಮನ್ ತೋರಿಸಿಕೊಟ್ಟನು. ಗಾದೆಗೆ ಮತದ ಗಡಿಯಾಗಲಿ ನಾಡಿನ ಗಡಿಯಾಗಲಿ ಇಲ್ಲವೆಂಬ ಜಾನಪದ ಸತ್ಯಕ್ಕೆ ಈ ಪವಿತ್ರ ಗ್ರಂಥವೇ ಸಾಕ್ಷಿ.

ರಚನೆಯ ದೃಷ್ಟಿಯಿಂದ ಇವು ಬಹುಪಾಲು ಎರಡು ಸಾಲಿನ ಮಾತುಗಳು. ಮೊದಲ ಸಾಲಿನ ಭಾವವನ್ನು ಎರಡನೆಯದು ಪುನರುಚ್ಚರಿಸುತ್ತದೆ, ವಿರೋಧಿಸುತ್ತದೆ ಇಲ್ಲವೇ ಮುಂದುವರಿಸುತ್ತದೆ. 1753ರಲ್ಲಿ ರಾಬರ್ಟ್ ಲೌತ್ ಗುರುತಿಸಿದ ಈ ಸಮಾನಾಂತರತೆ ಕನ್ನಡ ಕಿವಿಗೆ ಅಪರಿಚಿತವಲ್ಲ. 'ಕೈ ಕೆಸರಾದರೆ ಬಾಯಿ ಮೊಸರು', 'ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ' ಎಂಬಲ್ಲಿಯೂ ಎರಡು ತೂಕದ ಭಾಗಗಳಿವೆ. ಆದರೆ ಕನ್ನಡ ಗಾದೆ ಪ್ರಾಸದಿಂದಲೂ ಕ್ರಿಯಾಪದದ ಲೋಪದಿಂದಲೂ ಬಿಗಿಯಾಗಿ ನಾಲಗೆಯ ಮೇಲೆ ನಿಲ್ಲುತ್ತದೆ. ಅನುವಾದಗೊಂಡ ಜ್ಞಾನೋಕ್ತಿ ಪೂರ್ಣ ವಾಕ್ಯವಾಗಿ ಹರಡಿಕೊಳ್ಳುತ್ತದೆ. ಆದಕಾರಣ ಅದನ್ನು ಆಡುಮಾತಿನಲ್ಲಿ ಎಸೆಯುವುದು ಕಷ್ಟ. ಪುಸ್ತಕ ತೆರೆದು ತೋರಿಸುವುದು ಸುಲಭ. ಕನ್ನಡದಲ್ಲಿ ಜ್ಞಾನೋಕ್ತಿ ಗಾದೆಯಾಗಿ ಚಲಿಸದೆ 'ವಾಕ್ಯ'ವಾಗಿ ನಿಂತಿರುವುದಕ್ಕೆ ಇದೂ ಒಂದು ಕಾರಣ.

ಸಂದರ್ಭವೆಂಬ ಪ್ರಮಾಣ

ಗಾದೆಯ ಅರ್ಥ ಅದರ ಪದಗಳಲ್ಲಿ ಮುಗಿಯುವುದಿಲ್ಲ, ಬಳಕೆಯ ಸನ್ನಿವೇಶದಲ್ಲಿ ಪೂರ್ಣವಾಗುತ್ತದೆ ಎಂಬುದನ್ನು 1973ರಲ್ಲಿ ಬಾರ್ಬರಾ ಕಿರ್ಷೆನ್‌ಬ್ಲಾಟ್-ಗಿಂಬ್ಲೆಟ್ ವಿವರವಾಗಿ ಚರ್ಚಿಸಿದ್ದಾರೆ. ಕನ್ನಡದಲ್ಲಿ 'ಮಾತು ಬೆಳ್ಳಿ, ಮೌನ ಬಂಗಾರ' ಎನ್ನುವವರೇ ಮತ್ತೊಂದು ಸಂದರ್ಭದಲ್ಲಿ 'ಮೌನಂ ಸಮ್ಮತಿ ಲಕ್ಷಣಂ' ಎನ್ನುತ್ತಾರೆ. ಇವೆರಡರಲ್ಲಿ ಯಾವುದು ಸತ್ಯವೆಂದು ಯಾರೂ ಕೇಳುವುದಿಲ್ಲ. ಯಾವುದು ಈ ಹೊತ್ತಿಗೆ ಸಲ್ಲುತ್ತದೆ ಎಂದು ನೋಡುತ್ತಾರೆ.

ಜ್ಞಾನೋಕ್ತಿಗಳ ಗ್ರಂಥ ಇದನ್ನು ತನ್ನೊಳಗೇ ಬಲ್ಲುದು. ಅದರ 26ನೆಯ ಅಧ್ಯಾಯದ ನಾಲ್ಕನೆಯ ವಚನ ಮೂಢನ ಮಾತಿಗೆ ಅವನ ಮಟ್ಟಕ್ಕಿಳಿದು ಉತ್ತರಿಸಬೇಡವೆಂದರೆ, ಅದರ ಬೆನ್ನಿಗೇ ಬರುವ ಐದನೆಯ ವಚನ ಉತ್ತರಿಸಬೇಕೆನ್ನುತ್ತದೆ. ಈ ವಿರೋಧದಿಂದಾಗಿ ಗ್ರಂಥವನ್ನೇ ಬಳಕೆಯಿಂದ ಹಿಂತೆಗೆಯಬೇಕೆಂಬ ಚರ್ಚೆ ಯೆಹೂದ್ಯ ಪಂಡಿತರಲ್ಲಿ ನಡೆದುದನ್ನು ತಾಲ್ಮೂದ್ ದಾಖಲಿಸಿದೆ. ಒಂದು ವಚನ ಧರ್ಮಶಾಸ್ತ್ರದ ವಿಷಯಕ್ಕೆ, ಇನ್ನೊಂದು ಲೌಕಿಕ ವಿಷಯಕ್ಕೆ ಎಂಬುದು ಅವರು ಕಂಡುಕೊಂಡ ಪರಿಹಾರ. ಸಂಗ್ರಹಕಾರರು ಎರಡನ್ನೂ ಒಟ್ಟಿಗೆ ಇಟ್ಟಿರುವುದರಿಂದಲೇ ಆಯ್ಕೆಯ ಹೊಣೆ ಓದುವವನ ಮೇಲೆ ಬೀಳುತ್ತದೆ.

ಅದೇ ಅಧ್ಯಾಯದಲ್ಲಿ ಮೂಢನ ಬಾಯಿಯ ಗಾದೆಯನ್ನು ಒಮ್ಮೆ ಕುಂಟನ ಜೋಲುಗಾಲಿಗೂ ಇನ್ನೊಮ್ಮೆ ಕುಡುಕನ ಕೈಯಲ್ಲಿರುವ ಮುಳ್ಳಿಗೂ ಹೋಲಿಸಲಾಗಿದೆ. ಮೊದಲನೆಯದು ನಿರುಪಯುಕ್ತತೆಯನ್ನು ಸೂಚಿಸಿದರೆ ಎರಡನೆಯದು ಅಪಾಯವನ್ನು ಸೂಚಿಸುತ್ತದೆ. ಇದಕ್ಕೆ ಪ್ರತಿಯಾಗಿ, ಸಮಯಕ್ಕೆ ತಕ್ಕ ಮಾತನ್ನು ಬೆಳ್ಳಿಯ ಕುಸುರಿಯಲ್ಲಿಟ್ಟ ಚಿನ್ನದ ಹಣ್ಣಿಗೆ ಹೋಲಿಸುವ ವಚನ 25ನೆಯ ಅಧ್ಯಾಯದಲ್ಲಿದೆ. ನೊಂದವನ ಮುಂದೆ ಹಾಡುವುದು ಚಳಿಯ ದಿನ ಅವನ ಮೈಮೇಲಿನ ಬಟ್ಟೆ ಕಸಿದಂತೆ ಎಂಬ ಎಚ್ಚರವೂ ಅಲ್ಲಿಯೇ ಇದೆ. ಸಾವಿನ ಮನೆಯಲ್ಲಿ, ಆಸ್ಪತ್ರೆಯ ಹಾಸಿಗೆಯ ಬಳಿ ಒಳ್ಳೆಯ ಉದ್ದೇಶದಿಂದಲೇ ವಾಕ್ಯ ಹೇಳಲು ಮುಂದಾಗುವವರಿಗೆ ಇದಕ್ಕಿಂತ ಪ್ರಾಯೋಗಿಕವಾದ ಪಾಠ ಬೇಕಿಲ್ಲ. ಯೋಬನ ಗ್ರಂಥದಲ್ಲಿ ಗೆಳೆಯರು ಸರಿಯಾದ ಸೂಕ್ತಿಗಳನ್ನೇ ತಪ್ಪಾದ ಹೊತ್ತಿನಲ್ಲಿ ಹೇಳುತ್ತಾರೆ. ಯೋಬನಾದರೋ ಅವುಗಳನ್ನು ಬೂದಿಗೆ ಸಮವೆಂದು ತಳ್ಳಿಹಾಕುತ್ತಾನೆ.

ಸಾಲ ಮತ್ತು ಜಾಮೀನು

ಬದುಕಿನ ಪಾಠವಾಗಿ ಜ್ಞಾನೋಕ್ತಿಗಳು ಹೆಚ್ಚು ಒತ್ತಿ ಹೇಳುವ ವಿಷಯಗಳಲ್ಲಿ ಜಾಮೀನು ಒಂದು. 6, 11, 17, 20, 22ನೆಯ ಅಧ್ಯಾಯಗಳಲ್ಲಿ ಈ ವಿಷಯ ಮತ್ತೆ ಮತ್ತೆ ಬರುತ್ತದೆ. ಪರರ ಸಾಲಕ್ಕೆ ಕೈಗೆ ಕೈ ಹೊಡೆದು ಹೊಣೆಯಾದವನು ಬೇಟೆಗಾರನ ಕೈಗೆ ಸಿಕ್ಕ ಜಿಂಕೆಯಂತೆ, ಬಲೆಗೆ ಬಿದ್ದ ಹಕ್ಕಿಯಂತೆ; ಕಣ್ಣಿಗೆ ನಿದ್ರೆ ಕೊಡದೆ ಬಿಡಿಸಿಕೊಳ್ಳಬೇಕು ಎಂಬುದು ಅಲ್ಲಿನ ಸಲಹೆ. ತೀರಿಸಲಾಗದಿದ್ದರೆ ಮಲಗುವ ಹಾಸಿಗೆಯನ್ನೇ ಎಳೆದುಕೊಂಡು ಹೋದಾರು ಎಂಬ ಎಚ್ಚರಿಕೆ 22ನೆಯ ಅಧ್ಯಾಯದ್ದು. ಕನ್ನಡದ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯೂ ಮಿತವ್ಯಯಕ್ಕೆ ಹಾಸಿಗೆಯನ್ನೇ ರೂಪಕವಾಗಿ ಆಯ್ದುಕೊಂಡಿದೆ. ಕನ್ನಡ ಗಾದೆ ತನ್ನ ಸಾಲದ ಬಗ್ಗೆ ಎಚ್ಚರಿಸಿದರೆ ಜ್ಞಾನೋಕ್ತಿ ಪರರ ಸಾಲದ ಬಗ್ಗೆ ಎಚ್ಚರಿಸುತ್ತದೆ.

ಸಾಲ ಕೊಟ್ಟವನಿಗೂ ಪಡೆದವನಿಗೂ ಇರುವ ಸಂಬಂಧದಲ್ಲಿ ಎರಡು ಪರಂಪರೆಗಳು ಎದುರುಬದುರಾಗುತ್ತವೆ. ಸಾಲಗಾರನು ಸಾಲಿಗನಿಗೆ ಆಳು ಎಂಬುದು ಜ್ಞಾನೋಕ್ತಿಯ ನಿಲುವು. 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬುದು ಕನ್ನಡ ಗಾದೆಯ ವ್ಯಂಗ್ಯ. ಮೊದಲನೆಯದು ಬಲಾಢ್ಯನಾದ ಲೇವಾದೇವಿಗಾರನನ್ನು ಕಂಡವರ ಮಾತು. ಎರಡನೆಯದು ಕೈಗಡ ಕೊಟ್ಟು ಕಳೆದುಕೊಂಡ ನೆರೆಯವನ ಮಾತು. ಬಡ್ಡಿಯವನು ಬಾಗಿಲಿಗೆ ಬರುವ ಮನೆಯವನಿಗೂ, ಚೀಟಿ ಎತ್ತಿಕೊಂಡವನು ಊರು ಬಿಟ್ಟ ಮೇಲೆ ಉಳಿದ ಕಂತು ಕಟ್ಟುವವನಿಗೂ ಒಂದೇ ಗಾದೆ ಸಾಲದು. ಎರಡೂ ಒಂದೇ ಓಣಿಯ ಅನುಭವಗಳೇ.

ಇಲ್ಲಿ ವಿಶ್ವಾಸಿಗೆ ಒಂದು ನೈತಿಕ ಬಿಕ್ಕಟ್ಟು ಎದುರಾಗುತ್ತದೆ. ಸಭೆಯ ಸಹೋದರನೊಬ್ಬ ಮಗಳ ಮದುವೆಗೋ ಚಿಕಿತ್ಸೆಗೋ ಸಾಲ ಮಾಡುವಾಗ ರುಜು ಹಾಕೆಂದು ಕೇಳಿದರೆ ವಾಕ್ಯ ತೋರಿಸಿ ನಿರಾಕರಿಸಬಹುದೇ? ಅದೇ ಗ್ರಂಥದ ಮೂರನೆಯ ಅಧ್ಯಾಯ, ಕೈಯಲ್ಲಿದ್ದೂ ನಾಳೆ ಬಾ ಎನ್ನಬಾರದೆಂದು ಹೇಳುತ್ತದೆ. 19ನೆಯ ಅಧ್ಯಾಯ ಬಡವನಿಗೆ ಕೊಟ್ಟದ್ದನ್ನು ದೇವರಿಗೆ ಕೊಟ್ಟ ಸಾಲವೆಂದು ಎಣಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಓದಿದಾಗ ದೊರೆಯುವ ಪಾಠ ಸ್ಪಷ್ಟವಾಗಿದೆ: ಇರುವುದರಲ್ಲಿ ಕೊಡಬೇಕು, ಇಲ್ಲದ್ದಕ್ಕೆ ಹೊಣೆಯಾಗಬಾರದು. ಒಂದೇ ವಚನವನ್ನು ಕಿತ್ತು ಹಿಡಿದವನು ಜಿಪುಣನಾಗುತ್ತಾನೆ ಇಲ್ಲವೇ ದಿವಾಳಿಯಾಗುತ್ತಾನೆ.

ದುಡಿಮೆ ಮತ್ತು ಬಡತನ

ಇರುವೆಯ ಬಳಿ ಹೋಗಿ ಕಲಿಯೆಂದು ಸೋಮಾರಿಗೆ ಹೇಳುವ ಆರನೆಯ ಅಧ್ಯಾಯದ ವಚನ ಮಕ್ಕಳಿಗೂ ಬಾಯಿಪಾಠ. 'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬ ಕನ್ನಡ ಗಾದೆಯೊಡನೆ ಅದು ಸಲೀಸಾಗಿ ಹೊಂದುತ್ತದೆ. ಆದರೆ ಸೋಮಾರಿತನದಿಂದ ಬಡತನ ಬರುತ್ತದೆ ಎಂಬ ಮಾತನ್ನು ತಿರುಗಿಸಿ, ಬಡವರೆಲ್ಲ ಸೋಮಾರಿಗಳು ಎಂದು ಓದುವ ಅಪಾಯವಿದೆ. ಗಿರಣಿಯ ಬಾಗಿಲು ಮುಚ್ಚಿದಾಗ ಕೆಲಸ ಕಳೆದುಕೊಂಡ ನೇಕಾರ ಸೋಮಾರಿಯಾಗಿರಲಿಲ್ಲ. ಅಂಥವನ ಮುಂದೆ ಇರುವೆಯ ವಚನವನ್ನು ಓದುವುದು ಮೇಲೆ ಹೇಳಿದ ಕುಡುಕನ ಕೈಯ ಮುಳ್ಳೇ ಸರಿ.

ಗ್ರಂಥದ ಇನ್ನೊಂದು ಮುಖ ಇದಕ್ಕೆ ಪರಿಹಾರ ಒದಗಿಸುತ್ತದೆ. ಬಡವನ ಹೊಲ ಸಾಕಷ್ಟು ಬೆಳೆದೀತು, ಅನ್ಯಾಯ ಅದನ್ನು ಕೊಚ್ಚಿಕೊಂಡು ಹೋಗುತ್ತದೆ ಎಂಬ ಅರ್ಥದ ವಚನ 13ನೆಯ ಅಧ್ಯಾಯದಲ್ಲಿದೆ. ಬಡವನು ಬೇಡಿಕೊಳ್ಳುತ್ತಾನೆ, ಸಿರಿವಂತನು ಗದರುತ್ತಾನೆ ಎಂಬ 18ನೆಯ ಅಧ್ಯಾಯದ ಅವಲೋಕನವು 'ಬಡವನ ಕೋಪ ದವಡೆಗೆ ಮೂಲ' ಎಂಬ ನಮ್ಮ ಗಾದೆಯ ನೆರೆಯದು. ಮೋಸದ ತಕ್ಕಡಿಯನ್ನು ದೇವರು ಸಹಿಸನೆಂಬುದು ಹಲವು ಸಲ ಬರುವ ಮಾತು. ಕೊಳ್ಳುವಾಗ ಸರಕನ್ನು ಹಳಿದು ಕೊಂಡ ಮೇಲೆ ಜಂಬ ಪಡುವ ಗಿರಾಕಿಯ ಚಿತ್ರವೂ 20ನೆಯ ಅಧ್ಯಾಯದಲ್ಲಿದೆ. ಬೀದಿಬದಿಯ ಚೌಕಾಶಿಯನ್ನು ಕಂಡ ಯಾರಿಗೂ ಅದು ನಗು ತರಿಸುತ್ತದೆ. ಬಡತನವೂ ಬೇಡ, ಸಿರಿಯೂ ಬೇಡ, ಆ ದಿನದ ಅನ್ನ ಸಾಕು ಎಂಬ ಆಗೂರನ ಪ್ರಾರ್ಥನೆ ದಿನಗೂಲಿಯ ಮನೆಗೆ ಬಲು ಹತ್ತಿರದ್ದು.

ಮನೆ, ಮಕ್ಕಳು, ನೆರೆಹೊರೆ

ಮಕ್ಕಳ ವಿಷಯದಲ್ಲಿ ಬೆತ್ತದ ವಚನಗಳು ಬಹು ಚರ್ಚಿತವಾದವು. ಬೆತ್ತ ಹಿಡಿಯದ ತಂದೆ ಮಗನ ವೈರಿ ಎಂಬರ್ಥದ ಮಾತನ್ನು ಹೊಡೆತಕ್ಕೆ ಪರವಾನಗಿಯೆಂದು ತಿಳಿಯುವವರು ಇದ್ದಾರೆ. ಅಲ್ಲಿ 'ಶಿಕ್ಷೆ' ಎಂದು ಕನ್ನಡಿಸಬಹುದಾದ ಹೀಬ್ರೂ ಪದ 'ಮುಸಾರ್'. ದಂಡನೆ, ಶಿಸ್ತು, ಬೋಧನೆ ಎಲ್ಲವೂ ಅದರ ಅರ್ಥವ್ಯಾಪ್ತಿಯಲ್ಲಿವೆ. ಕನ್ನಡದ 'ಶಿಕ್ಷಣ', 'ಶಿಕ್ಷೆ' ಎಂಬ ಪದಗಳು ಒಂದೇ ಧಾತುವಿನಿಂದ ಬಂದಿರುವುದು ಈ ಸಂದರ್ಭದಲ್ಲಿ ನೆನಪಾಗುತ್ತದೆ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬ ಗಾದೆ ಬಗ್ಗಿಸುವ ಮಾತನಾಡುತ್ತದೆಯೇ ಹೊರತು ಮುರಿಯುವ ಮಾತನ್ನಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ಶಾಲೆಯಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪ್ರಾಚೀನ ಸಮಾಜದ ಪಾಲನಾಕ್ರಮವನ್ನು ಹೇಳುವ ಗಾದೆಯಿಂದ ಇಂದಿನ ವಿಶ್ವಾಸಿ ಉಳಿಸಿಕೊಳ್ಳಬೇಕಾದದ್ದು ಮಗುವಿನ ಹೊಣೆಯನ್ನು ಕೈಬಿಡಬಾರದೆಂಬ ತಿರುಳನ್ನು.

ಸ್ತ್ರೀಯರ ಬಗೆಗೂ ಇದೇ ವಿವೇಚನೆ ಅಗತ್ಯ. ಗಂಡುಮಕ್ಕಳನ್ನು ಉದ್ದೇಶಿಸಿದ ಸಂಗ್ರಹವಾದ್ದರಿಂದ ಜಗಳಗಂಟಿ ಹೆಂಡತಿಯನ್ನು ತಟತಟ ತೊಟ್ಟಿಕ್ಕುವ ಮಾಳಿಗೆಗೆ ಹೋಲಿಸುವ ಮಾತುಗಳು ಅಲ್ಲಿವೆ. ಜಗಳಗಂಟ ಗಂಡನಿಗೆ ಅಂಥ ಉಪಮೆಯಿಲ್ಲ. ಹೆಣ್ಣನ್ನು ಹೀಗಳೆಯುವ ಗಾದೆಗಳು ಕನ್ನಡದಲ್ಲಿಯೂ ಕಡಮೆಯೇನಲ್ಲ. ಆದರೆ ಕೊನೆಯ ಅಧ್ಯಾಯದ ಗೃಹಿಣಿ ಹೊಲವನ್ನು ನೋಡಿ ಕೊಳ್ಳುತ್ತಾಳೆ, ದ್ರಾಕ್ಷಿತೋಟ ನೆಡುತ್ತಾಳೆ, ನೂಲು ತೆಗೆದು ಬಟ್ಟೆ ಮಾಡಿ ಮಾರುತ್ತಾಳೆ, ಬಡವರಿಗೆ ಕೈ ನೀಡುತ್ತಾಳೆ. ಈ ಪದ್ಯವನ್ನು ಮದುವೆಯ ಉಪದೇಶದಲ್ಲಿ ಕೇವಲ ವಿಧೇಯತೆಯ ಪಾಠವಾಗಿ ಓದುವುದುಂಟು. ಅದರಲ್ಲಿರುವುದು ಮಾತ್ರ ದುಡಿದು ವ್ಯವಹರಿಸುವ ಹೆಣ್ಣಿನ ಚಿತ್ರ. ಹೊಲಿಗೆ, ಗಾರ್ಮೆಂಟ್ಸ್, ಹೂವಿನ ವ್ಯಾಪಾರಗಳಿಂದ ಮನೆ ನಡೆಸುವ ಸ್ತ್ರೀಯರು ಆ ಕನ್ನಡಿಯಲ್ಲಿ ತಮ್ಮ ಮುಖವನ್ನೇ ಕಾಣಬಲ್ಲರು. ಅದೇ ಅಧ್ಯಾಯದ ಆರಂಭದಲ್ಲಿ, ಬಾಯಿಲ್ಲದವರಿಗಾಗಿ ಬಾಯಿ ತೆರೆಯೆಂದು ಅರಸನಿಗೆ ಕಲಿಸುವವಳು ತಾಯಿ ಎಂಬುದೂ ಗಮನಾರ್ಹ.

ವಠಾರದ ಬಾಳುವೆಗೆ ಸಲ್ಲುವ ಮಾತುಗಳಂತೂ ಹೇರಳ. ದೂರದ ಅಣ್ಣನಿಗಿಂತ ಹತ್ತಿರದ ನೆರೆಯವನು ಮೇಲು ಎನ್ನುವ ಗ್ರಂಥವೇ, ಬೇಸರ ಹುಟ್ಟುವಷ್ಟು ನೆರೆಮನೆಯ ಹೊಸ್ತಿಲು ತುಳಿಯಬಾರದೆಂದೂ ಹೇಳುತ್ತದೆ. ಬೆಳಬೆಳಗ್ಗೆ ಎದ್ದು ಗಟ್ಟಿಯಾಗಿ ಕೂಗಿ ಹರಸುವವನ ಹರಕೆ ಶಾಪವಾಗಿ ಎಣಿಕೆಯಾದೀತು ಎಂಬ 27ನೆಯ ಅಧ್ಯಾಯದ ಹಾಸ್ಯ, ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ಧ್ವನಿವರ್ಧಕ ಹಚ್ಚುವ ಯಾವ ಮತದವರಿಗೂ ಹಿತವಚನವಾಗಬಲ್ಲುದು. ಮೃದುವಾದ ಉತ್ತರ ಸಿಟ್ಟನ್ನು ಇಳಿಸುತ್ತದೆ ಎಂಬ 15ನೆಯ ಅಧ್ಯಾಯದ ಅನುಭವವು ನಲ್ಲಿಯ ಬಳಿಯ ಜಗಳದಿಂದ ಅತ್ತೆಸೊಸೆಯರ ಮನಸ್ತಾಪದವರೆಗೆ ಎಲ್ಲೆಡೆಯೂ ಪರೀಕ್ಷೆಗೆ ನಿಲ್ಲುವಂಥದು.

ಉಪಸಂಹಾರ

ಹೊಸ ಒಡಂಬಡಿಕೆಯೂ ಜ್ಞಾನೋಕ್ತಿಗಳನ್ನು ಬಳಸುವಾಗ ಸಂದರ್ಭವನ್ನು ಬಿಟ್ಟುಕೊಡುವುದಿಲ್ಲ. ಅರಸನ ಮುಂದೆ ಮೇಲಿನ ಸ್ಥಾನಕ್ಕೆ ನುಗ್ಗಬಾರದೆಂಬ ಆಸ್ಥಾನದ ಗಾದೆಯ ಆಶಯ ಲೂಕನ ಸುವಾರ್ತೆಯಲ್ಲಿ ಮದುವೆಯ ಪಂಕ್ತಿಯ ಸಾಮತಿಯಾಗುತ್ತದೆ. ಹಸಿದ ವೈರಿಗೆ ಅನ್ನವಿಡು ಎಂಬ ಮಾತನ್ನು ಪೌಲನು ರೋಮಾಪುರದ ಸಭೆಗೆ ಬರೆದ ಪತ್ರದಲ್ಲಿ ಸೇಡು ತೊರೆಯುವ ಪಾಠಕ್ಕೆ ಬಳಸುತ್ತಾನೆ. ಗಾದೆ ಅದೇ, ಸನ್ನಿವೇಶ ಹೊಸದು. ಪರಂಪರೆಯೊಳಗಣ ಅಧಿಕೃತ ಓದುಗರೇ ಇವುಗಳನ್ನು ಗಾದೆಗಳಾಗಿಯೇ ಬಳಸಿದ್ದಾರೆ.

ಒಟ್ಟಿನಲ್ಲಿ, ಜ್ಞಾನೋಕ್ತಿಗಳನ್ನು ಗಾದೆಗಳೆಂದು ಗುರುತಿಸುವುದರಿಂದ ಅವುಗಳ ಪಾವಿತ್ರ್ಯಕ್ಕೆ ಕುಂದಿಲ್ಲ. ಆಜ್ಞೆ ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಆಗಿರುತ್ತದೆ; ಗಾದೆ ಯಾರಿಗೆ, ಯಾವಾಗ, ಯಾರ ಬಾಯಿಂದ ಎಂಬುದನ್ನು ಕೇಳುತ್ತದೆ. ಆ ಕೇಳ್ವಿಯನ್ನು ಬಿಟ್ಟರೆ ಇರುವೆಯ ವಚನ ನಿರುದ್ಯೋಗಿಯನ್ನು ಚುಚ್ಚುತ್ತದೆ, ಬೆತ್ತದ ವಚನ ಮಗುವನ್ನು ಗಾಯಗೊಳಿಸುತ್ತದೆ, ಜಾಮೀನಿನ ವಚನ ಕರುಣೆಯ ಬಾಗಿಲು ಹಾಕುತ್ತದೆ. ಅದನ್ನು ಉಳಿಸಿಕೊಂಡರೆ ಅವೇ ವಚನಗಳು ಮನೆ ಕಾಯುತ್ತವೆ. ಇಂಥ ವಿವೇಕವನ್ನು ಕನ್ನಡ ಕ್ರೈಸ್ತರು ಹೊರಗಿನಿಂದ ತರಬೇಕಾಗಿಲ್ಲ. ಒಂದು ಗಾದೆಗೆ ಇನ್ನೊಂದು ಗಾದೆಯಿಂದ ಉತ್ತರ ಕೊಡುವ ಹಿರಿಯರು ಶ್ರೀರಾಂಪುರದಂಥ ಬಡಾವಣೆಯ ಜಗಲಿಗಳಲ್ಲಿ ಮೂರು ಭಾಷೆಗಳಲ್ಲಿಯೂ ಅದನ್ನು ರೂಢಿಸಿಕೊಂಡಿದ್ದಾರೆ. ಸತ್ಯವೇದದ ಗಾದೆ ಸುಳ್ಳಾಗದಿರಬೇಕಾದರೆ ಅದು ಆ ಜಗಲಿಯ ಪರೀಕ್ಷೆಯನ್ನೂ ದಾಟಬೇಕು.